ನಂದಿವರೆಗೆ ಸೊನ್ನೆ ಟಿಕೆಟ್, ಅಲ್ಲಿಂದ ಮುಂದಕ್ಕೆ ನಾನೂರು

ಸಂಗೀತ ಕಾರ್ಯಕ್ರಮದ ಟಿಕೆಟ್ ಮೇಲೆ ‘ನಂದಿ ಬೆಟ್ಟ’ ಅಂತ ಇತ್ತು. ನಾವಿಬ್ಬರೂ ನಂಬಿದೆವು. ತಪ್ಪು ನಮ್ಮದೂ ಇದೆ ಬಿಡಿ. ಸಂಜೆಯಾದರೆ ಜನರನ್ನು ಕೆಳಗಿಳಿಸುವ ಬೆಟ್ಟದ ಮೇಲೆ ರಾತ್ರಿ ಡ್ರಮ್ಸ್ ಬಾರಿಸಲು ಯಾರು ಬಿಡ್ತಾರೆ? ಆದರೆ ಬೆಂಗಳೂರಿನ ಜಾನಪದ-ರಾಕ್ ಹಾಡುಗಳ ಸ್ವರಾತ್ಮ ತಂಡ ಬರುತ್ತದೆ ಅಂತ ಗೊತ್ತಾದ ಹತ್ತೇ ನಿಮಿಷಕ್ಕೆ ಗೆಳತಿಯ ಫೋನ್ ಬಂತು. “ಟಿಕೆಟ್ ತಗೊಂಡಾಯ್ತು ಕಣೇ, ದುಡ್ಡು ಆಮೇಲೆ ಕೊಡು.” ಇನ್ನು ಯೋಚನೆ ಮಾಡೋದೆಲ್ಲಿ.

ಕಾರ್ಯಕ್ರಮ ನಡೆದದ್ದು ಬೆಟ್ಟದ ಮೇಲಲ್ಲ, ಬೆಟ್ಟ ಕಾಣಿಸುವ ಒಂದು ತೋಟದಲ್ಲಿ. ನಂದಿ ಊರಿನಿಂದ ಇನ್ನೂ ಆರು ಕಿಲೋಮೀಟರ್ ಒಳಗೆ, ದ್ರಾಕ್ಷಿ ಚಪ್ಪರಗಳ ಪಕ್ಕ. ಚಿಕ್ಕಬಳ್ಳಾಪುರದ ಈ ಕಡೆ ಇಂಥ ತೋಟ, ರೆಸಾರ್ಟ್ ಬೇಕಾದಷ್ಟಿವೆ. ಎಲ್ಲರ ವಿಳಾಸವೂ ‘ನಂದಿ ಬೆಟ್ಟ’ವೇ. ಹಾಗಾಗಿ ದುಡ್ಡು ಕಟ್ಟುವ ಮೊದಲು ಮ್ಯಾಪಿನ ಲೊಕೇಶನ್ ತರಿಸಿಕೊಳ್ಳಿ. ಹತ್ತಿರದ ಊರು ಯಾವುದು, ಅಲ್ಲಿಗೆ ಕೊನೇ ಬಸ್ಸು ಎಷ್ಟಕ್ಕೆ ಅಂತ ಕೇಳಿ. ಕಾರ್ಯಕ್ರಮ ನಡೆಸುವವರಿಗೆ ಗೊತ್ತಿರಲ್ಲ, ಆದರೂ ಕೇಳಿ.

ಕೋಲಾರದಿಂದ ಹೋಗುವುದು ಸುಲಭ. ನೇರ ಬಸ್ಸಿಗೆ ಕಾಯದೆ ಚಿಂತಾಮಣಿ ಬಸ್ ಹತ್ತಿದೆವು. ಅಲ್ಲಿಂದ ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರ, ಅಲ್ಲಿಂದ ನಂದಿಗೆ ಇನ್ನೊಂದು ಬಸ್ಸು. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ನಮಗೆ ಇದೆಲ್ಲ ಫ್ರೀ. ಆಧಾರ್ ತೋರಿಸಿದೆವು, ಸೊನ್ನೆ ಟಿಕೆಟ್ ಹರಿದುಕೊಟ್ಟರು. ಚಿಂತಾಮಣಿಯಿಂದ ಮುಂದೆ ನಿಂತೇ ಹೋಗಬೇಕಾಯ್ತು, ಕಾಲ ಹತ್ತಿರ ಯಾರದೋ ಕೋಳಿ ಬುಟ್ಟಿ. ನನಗೆ ಬಸ್ಸಿನ ರಶ್ ಏನೂ ಅನ್ನಿಸಲ್ಲ. ಗೆಳತಿಗೆ ಆಗಲ್ಲ, ಅವಳನ್ನು ಕೇಳಿದರೆ ಕಾರಲ್ಲೇ ಹೋಗಿ ಅಂತಾಳೆ.

ನಂದಿಯಲ್ಲಿ ಇಳಿದೆವು. ಆಟೋದವನನ್ನು ಕೇಳಿದರೆ ನಾನೂರು ಅಂದ. ಆರು ಕಿಲೋಮೀಟರಿಗೆ! ಕೋಲಾರದವಳು ಅಂತ ತೋರಿಸಿಕೊಳ್ಳಲು ತೆಲುಗಲ್ಲಿ ಚೌಕಾಸಿ ಶುರು ಮಾಡಿದೆ. ಅವನು ನನಗಿಂತ ಚೆನ್ನಾಗಿ ತೆಲುಗು ಮಾತಾಡಿ ನಾನೂರಕ್ಕೇ ನಿಂತ. “ವಾಪಸ್ ಖಾಲಿ ಬರಬೇಕಲ್ಲ ಅಕ್ಕಾ” ಅಂತ ಕೊನೆಗೆ ಕನ್ನಡದಲ್ಲಿ ಸಮಾಧಾನ ಬೇರೆ. ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ ಸೊನ್ನೆ ರೂಪಾಯಿ, ಕೊನೆಯ ಕಾಲು ಗಂಟೆಗೆ ನಾನೂರು.

ಗೇಟಿನಲ್ಲಿ ನೀರಿನ ಬಾಟಲಿ ಕಿತ್ತುಕೊಂಡರು. ಒಳಗೆ ನೋಟು ನಡೆಯಲ್ಲ, ಫೋನಲ್ಲಿ ಸ್ಕ್ಯಾನ್ ಮಾಡಿದರೂ ನಡೆಯಲ್ಲ. ಕೈಗೆ ಒಂದು ಪಟ್ಟಿ ಕಟ್ಟುತ್ತಾರೆ, ಅದಕ್ಕೆ ಕಡಿಮೆ ಅಂದರೂ 500 ರೂಪಾಯಿ ತುಂಬಿಸಬೇಕು. ನೀರು 60, ಟೀ 80. ಕೊನೆಗೆ ನನ್ನ ಪಟ್ಟಿಯಲ್ಲಿ 140 ಉಳಿಯಿತು. ವಾಪಸ್ ಬೇಕಾದರೆ ಆ್ಯಪ್ ಹಾಕಿಕೊಳ್ಳಿ, ಅದಕ್ಕೆ 50 ರೂಪಾಯಿ ಕಟ್ ಅಂದರು. ಇಬ್ಬರಿದ್ದರೆ ಒಂದೇ ಪಟ್ಟಿಗೆ ದುಡ್ಡು ಹಾಕಿಸಿ. ನಾವು ಸುಮ್ನೆ ಎರಡಕ್ಕೂ ಹಾಕಿಸಿದೆವು.

ಸ್ವರಾತ್ಮದ ಮೊದಲ ಆಲ್ಬಮ್ 2009ರಲ್ಲಿ ಬಂದಾಗ ನಾವು ಕಾಲೇಜಿನಲ್ಲಿದ್ದೆವು. ಮೆಮೊರಿ ಕಾರ್ಡಿಗೆ ಹಾಕಿಸಿಕೊಂಡು ಒಂದೇ ಇಯರ್‌ಫೋನಿನಲ್ಲಿ ಇಬ್ಬರೂ ಕೇಳುತ್ತಿದ್ದೆವು, ಅವಳಿಗೆ ಎಡಗಿವಿ, ನನಗೆ ಬಲಗಿವಿ. ಇಷ್ಟು ವರ್ಷವಾದರೂ ಎದುರಿಗೆ ನೋಡಿರಲಿಲ್ಲ. ಆರೂವರೆಗೆ ಅಂತ ಹೇಳಿದ್ದು, ಅವರಿಗಿಂತ ಮೊದಲು ಬೇರೆ ಎರಡು ತಂಡ ಹಾಡಿದವು, ಅವರು ಬರುವ ಹೊತ್ತಿಗೆ ಎಂಟೂ ಮುಕ್ಕಾಲು. ಆಮೇಲೆ ತಂಡದ ಹಾಡುಗಾರ ವಾಸು ದೀಕ್ಷಿತ್ ಸೊಂಟಕ್ಕೆ ಕುದುರೆ ಕಟ್ಟಿಕೊಂಡು ಬಂದರು ನೋಡಿ. ಥೇಟ್ ನಮ್ಮ ಜಾತ್ರೆಯ ಕೀಲುಕುದುರೆ! ಕುಣಿದಂತೆಲ್ಲ ಕುದುರೆಯ ಜೂಲು ಹಾರುತ್ತಿತ್ತು, ಸುತ್ತಲಿನ ಬಟ್ಟೆಯ ಅಂಚು ಧೂಳಿನಲ್ಲಿ ಎಳೆದಾಡುತ್ತಿತ್ತು. ಪಕ್ಕದ ಬೆಂಗಳೂರು ಹುಡುಗರು ಫೋನ್ ಎತ್ತಿ ಹಿಡಿದರು. ನನ್ನ ಗೆಳತಿ ಚಪ್ಪಲಿ ಬಿಚ್ಚಿ ಕೈಗೆ ತಗೊಂಡಳು. ಮುಂದಿನ ಒಂದು ಗಂಟೆ ಚಪ್ಪಲಿ ಕೈಯಲ್ಲೇ ಇತ್ತು, ಕಾಲು ನೆಲದ ಮೇಲೆ ಇರಲಿಲ್ಲ. ಬಸ್ಸಿನಲ್ಲಿ ಉಸಿರು ಕಟ್ಟುತ್ತೆ ಅಂದವಳು ಇವಳೇನಾ ಅನ್ನಿಸಿತು.

ಒಂದು ಬೇಜಾರು. ತಮಟೆ ಮುನಿವೆಂಕಟಪ್ಪನವರ ಜಿಲ್ಲೆ ಇದು, 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮೊದಲ ಎರಡು ತಂಡಗಳಲ್ಲಿ ಒಂದನ್ನು ಬಿಟ್ಟು, ಊರಿನ ಒಂದು ತಮಟೆ ಮೇಳವನ್ನು ಹತ್ತು ನಿಮಿಷ ವೇದಿಕೆ ಹತ್ತಿಸಿದ್ದರೆ ತೋಟವೇ ಎದ್ದು ಕುಣಿಯುತ್ತಿತ್ತು.

ನಿಲ್ಲುವ ಜಾಗದ ಬಗ್ಗೆ ಹೇಳಿಬಿಡ್ತೀನಿ. ವೇದಿಕೆಯ ಮುಂದೆ ನುಗ್ಗಬೇಡಿ, ಸ್ಪೀಕರ್ ಪಕ್ಕ ನಿಂತರೆ ಡ್ರಮ್ಸ್ ಎದೆಗೆ ಗುದ್ದುತ್ತೆ, ಪಿಟೀಲು ಕೇಳಿಸಲ್ಲ. ಹಿಂದೆ ಸೌಂಡ್ ನೋಡಿಕೊಳ್ಳುವವರ ಪೆಂಡಾಲ್ ಇರುತ್ತದಲ್ಲ, ಅದರ ಮುಂದೆ ನಿಲ್ಲಿ. ಅವರು ಸೌಂಡ್ ಹೊಂದಿಸುವುದು ತಮ್ಮ ಕಿವಿಗೆ ಕೇಳಿಸಿದ ಹಾಗೆ. ಜನವರಿಯಾದರೆ ಸ್ವೆಟರ್ ಇರಲಿ.

ಹತ್ತಕ್ಕೆ ಸರಿಯಾಗಿ ಮೈಕ್ ಆಫ್. ಹತ್ತರ ಮೇಲೆ ಬಯಲಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲವಲ್ಲ. ತೊಂದರೆ ಶುರುವಾದದ್ದೇ ಆಗ. ಅಷ್ಟು ಜನ ಒಟ್ಟಿಗೆ ಫೋನ್ ತೆಗೆದರು, ಯಾರಿಗೂ ನೆಟ್‌ವರ್ಕ್ ಇಲ್ಲ. ಕಾರಿನವರು ಹೋದರು. ನಿಂತಿದ್ದ ಒಂದೇ ಆಟೋ ಎಂಟುನೂರು ಅಂತು. ಮಣ್ಣು ರಸ್ತೆ, ದೀಪ ಇಲ್ಲ. ಮುಕ್ಕಾಲು ಗಂಟೆ ಗೇಟಿನಲ್ಲೇ ನಿಂತಿದ್ದೆವು. ಕೊನೆಗೆ ಒಳಗೆ ಪಾನಿಪುರಿ ಅಂಗಡಿ ಹಾಕಿದ್ದ ಗಂಡ ಹೆಂಡತಿ ತಮ್ಮ ಟಾಟಾ ಏಸ್ ನಿಲ್ಲಿಸಿದರು. ನಂದಿಯವರೇ ಅಂತೆ. “ಹಿಂದೆ ಹತ್ಕೊಳ್ಳಿ, ಒಲೆ ಮುಟ್ಟಬೇಡಿ, ಇನ್ನೂ ಬಿಸಿ ಇದೆ” ಅಂದರು ಆಕೆ. ಬೆಚ್ಚಗಿನ ಒಲೆ ಪಕ್ಕ ಕೂತು, ಅವರು ಕೊಟ್ಟ ಬರೀ ಪೂರಿ ಕುಟುಕುತ್ತಾ ಬಂದೆವು. ದುಡ್ಡು ಬೇಡ ಅಂದರು. ನಮ್ಮ ಅದೃಷ್ಟ ನಂಬಿ ಹೋಗಬೇಡಿ. ಚಿಕ್ಕಬಳ್ಳಾಪುರದಿಂದಲೇ ಹೋಗಿಬರಲು ಆಟೋ ಮಾತಾಡಿ, ಅರ್ಧ ದುಡ್ಡನ್ನು ವಾಪಸ್ ಬಂದ ಮೇಲೆ ಕೊಡ್ತೀವಿ ಅಂತ ಹೇಳಿ.

ರೂಮಿನ ವಿಷಯ ಬೇಡ ಅಂದುಕೊಂಡಿದ್ದೆ. ‘ಬೆಟ್ಟದ ನೋಟ’ ಅಂತ 3,200 ಕೊಟ್ಟೆವು. ಕಿಟಕಿ ತೆರೆದರೆ ನೀರಿನ ಟ್ಯಾಂಕ್. ಅದರ ಹಿಂದೆ ಬೆಟ್ಟ ಇರಬಹುದು. ಚಿಕ್ಕಬಳ್ಳಾಪುರ ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜಿನಲ್ಲಿ ಸಾವಿರದ ಆಸುಪಾಸಿಗೆ ಮಲಗಬಹುದಿತ್ತು.

ಬೆಳಿಗ್ಗೆ ಭೋಗನಂದೀಶ್ವರನ ಗುಡಿಗೆ ಹೋದೆವು, ಕಲ್ಯಾಣಿ ಮೆಟ್ಟಿಲ ಮೇಲೆ ಕೂತು ನಿದ್ದೆ ಮಾಡಿದೆವು.

ಈಗ ಊಟ. ಚಿಕ್ಕಬಳ್ಳಾಪುರ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿ, ಸೈಕಲ್ ರಿಪೇರಿ ಅಂಗಡಿ ದಾಟಿದರೆ ನೀಲಿ ಬಾಗಿಲು. ಬೋರ್ಡ್ ಇಲ್ಲ. ನಾಲ್ಕು ಬೆಂಚು. ಮುದ್ದೆ, ಹಿತಕಿದ ಬೇಳೆ ಸಾರು, ಅನ್ನ, ಮಜ್ಜಿಗೆ, 70 ರೂಪಾಯಿ. ಅವರೆಕಾಯಿ ಕಾಲವಲ್ವಾ, ಸೊಗಡು ಗಲ್ಲಿಯ ಆ ತುದಿಗೇ ಬರುತ್ತೆ. ಬೇಳೆ ಕರಗಿರಲಿಲ್ಲ, ಹಲ್ಲಿಗೆ ಸಿಗುತ್ತಿತ್ತು. ಸಾರಿನಲ್ಲಿ ಹುರಿದ ಕೊಬ್ಬರಿ, ಕೊತ್ತಂಬರಿ, ಕೊನೆಗೆ ನಾಲಿಗೆ ಚುರುಕ್ ಅನ್ನುವಷ್ಟು ಮೆಣಸು. ಮುದ್ದೆ ಕೈಗೆ ಅಂಟದು, ಗಂಟಲಲ್ಲಿ ಜಾರುತ್ತೆ. ಬಡಿಸುವ ಅಜ್ಜಿ ಕೇಳದೆಯೇ ಎರಡನೇ ಸಲ ಸಾರು ಸುರಿದರು. ನನ್ನ ಕೈಯಲ್ಲಿದ್ದ ಪಟ್ಟಿ ನೋಡಿ, “ಆಸ್ಪತ್ರೆಯಿಂದ ಬಂದ್ರಾ ಮಗಾ?” ಅಂದರು. ಗೆಳತಿಗೆ ನಗು ತಡೆಯಲಾಗದೆ ಮಜ್ಜಿಗೆ ನೆತ್ತಿಗೆ ಹತ್ತಿತು.

ಹನ್ನೆರಡೂವರೆಗೆ ಹೋಗಿ, ಎರಡರ ಹೊತ್ತಿಗೆ ಸಾರು ಖಾಲಿ. ಸೋಮವಾರ ರಜೆ.