ಕಂಬಗಳ ಮೇಲೆ ಉಳಿದ ಕೈಗಳು

14 ಅಕ್ಟೋಬರ್ 2023, ಶನಿವಾರ
ರವೆನ್ನಾ, ಇಟಲಿ

ಇಟಲಿಗೆ ಬರುವ ನಮ್ಮವರು ರೋಮ್, ಫ್ಲಾರೆನ್ಸ್, ವೆನಿಸ್ ಎಂದು ಮೂರು ಊರು ಓಡಾಡಿ ಹಿಂದಿರುಗುತ್ತಾರೆ. ಬೊಲೋನ್ಯಾದಿಂದ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ ದೂರದ ರವೆನ್ನಾ ಅವರ ಪಟ್ಟಿಯಲ್ಲಿ ಇರುವುದೇ ಅಪರೂಪ. ಕ್ರಿ.ಶ. 402ರಲ್ಲಿ ಚಕ್ರವರ್ತಿ ಹೊನೋರಿಯಸ್ ಪಶ್ಚಿಮ ರೋಮನ್ ಸಾಮ್ರಾಜ್ಯದ ರಾಜಧಾನಿಯನ್ನು ಮಿಲಾನ್‌ನಿಂದ ಈ ಊರಿಗೆ ತಂದ. ಸುತ್ತ ಜೌಗುನೆಲ, ಪಕ್ಕದಲ್ಲೇ ಕ್ಲಾಸ್ಸೆಯ ಬಂದರು. ನೆಲದ ಕಡೆಯಿಂದ ಶತ್ರು ಬರುವುದು ಕಷ್ಟ, ಕಡಲಿನ ಕಡೆಯಿಂದ ನೆರವು ಬರುವುದು ಸುಲಭ. 476ರಲ್ಲಿ ಆ ಸಾಮ್ರಾಜ್ಯದ ಕೊನೆಯ ಬಾಲ ಚಕ್ರವರ್ತಿ ಪಟ್ಟ ಕಳೆದುಕೊಂಡ. ಆಮೇಲೆ ಗಾಥರೆಂಬ ಜರ್ಮಾನಿಕ್ ಜನಾಂಗದ ದೊರೆ ಥಿಯೊಡೊರಿಕ್ ಇಲ್ಲಿಂದ ಆಳಿದ; 540ರಲ್ಲಿ ಬೈಜಾಂಟೈನ್, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಸೇನಾಪತಿ ಬೆಲಿಸೇರಿಯಸ್ ಊರನ್ನು ವಶಪಡಿಸಿಕೊಂಡ. ಈ ಮೂರು ಆಳ್ವಿಕೆಗಳೂ ಇಲ್ಲಿನ ಗೋಡೆಗಳ ಮೇಲೆ ಗಾಜಿನ ಚೂರು ಜೋಡಿಸಿದ ಮೊಸಾಯಿಕ್ ಚಿತ್ರಗಳಲ್ಲಿ ಉಳಿದುಕೊಂಡಿವೆ.

ಬೆಳಿಗ್ಗೆ ಮೊದಲು ಹೋದದ್ದು ಗಾಲ್ಲಾ ಪ್ಲಾಸಿಡಿಯಾಳ ಸಮಾಧಿಗೃಹಕ್ಕೆ. ಹೊರಗಿನಿಂದ ಅದು ತಗ್ಗಾದ, ಬೋಳು ಇಟ್ಟಿಗೆಯ ಶಿಲುಬೆಯಾಕಾರದ ಸಣ್ಣ ಕಟ್ಟಡ. ನೆಲ ಕುಸಿಯುತ್ತ ಬಂದ ಊರಾದ್ದರಿಂದ ಅದರ ಒಳನೆಲವನ್ನೂ ಎತ್ತರಿಸಿದ್ದಾರೆ. ಹಾಗಾಗಿ ಕಟ್ಟಿದವರು ಬಯಸಿದ್ದಕ್ಕಿಂತ ಚಾವಣಿ ನಮಗೆ ಹತ್ತಿರ. ಕಿಟಕಿಗಳಿಗೆ ತೆಳು ಅಲಬಾಸ್ಟರ್ ಕಲ್ಲಿನ ಹಲಗೆಗಳಿವೆ, ಅವುಗಳಿಂದ ಜೇನುಬಣ್ಣದ ಮಂದ ಬೆಳಕು ಒಳಗೆ ಸೋಸಿ ಬರುತ್ತದೆ. ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ ಕಡುನೀಲಿ ಗುಮ್ಮಟವೂ ಅದರ ತುಂಬ ಚಿನ್ನದ ನಕ್ಷತ್ರಗಳೂ ತೋರತೊಡಗುತ್ತವೆ. ಜನ ಹೆಚ್ಚಿರುವಾಗ ಒಳಗೆ ಐದೇ ನಿಮಿಷ ಬಿಡುತ್ತಾರೆ. ಫೋಟೋ ತೆಗೆಯುವುದರಲ್ಲಿ ಅದನ್ನು ಕಳೆಯಬೇಡಿ, ತಲೆ ಎತ್ತಿ ಸುಮ್ಮನೆ ನಿಲ್ಲಿ.

ಗಾಲ್ಲಾ ಪ್ಲಾಸಿಡಿಯಾ ಹೊನೋರಿಯಸ್‌ನ ಮಲತಂಗಿ. 410ರಲ್ಲಿ ರೋಮ್ ಸೂರೆಯಾದ ಕಾಲದಲ್ಲಿ ಗಾಥರ ಸೆರೆಯಾಳಾದಳು, ಅವರ ದೊರೆ ಅಥಾಲ್ಫ್‌ನನ್ನೇ ಮದುವೆಯಾದಳು, ವಿಧವೆಯಾಗಿ ಮರಳಿ ಬಂದು ಕೊನೆಗೆ ಮಗನ ಪರವಾಗಿ ಪಶ್ಚಿಮ ಸಾಮ್ರಾಜ್ಯವನ್ನು ಆಳಿದಳು. 450ರಲ್ಲಿ ಅವಳು ತೀರಿಕೊಂಡದ್ದು ರೋಮ್‌ನಲ್ಲಿ; ಈ ಕಟ್ಟಡದಲ್ಲಿ ಅವಳ ದೇಹ ಇರುವ ಸಾಧ್ಯತೆ ಕಡಿಮೆ. ಆದರೂ ಊರು ಅವಳ ಹೆಸರನ್ನು ಬಿಟ್ಟುಕೊಟ್ಟಿಲ್ಲ. ಅದು ನನಗೆ ಸರಿಯೆನಿಸುತ್ತದೆ.

ಅಂಗಳ ದಾಟಿದರೆ ಸಾನ್ ವಿತಾಲೆ, ಎಂಟು ಮೂಲೆಯ ಚರ್ಚು, 547ರಲ್ಲಿ ಪ್ರತಿಷ್ಠೆಯಾದದ್ದು. ಗರ್ಭಗುಡಿಯ ಎಡಗೋಡೆಯಲ್ಲಿ ಬೈಜಾಂಟೈನ್ ಚಕ್ರವರ್ತಿ ಜಸ್ಟಿನಿಯನ್, ಬಲಗೋಡೆಯಲ್ಲಿ ರಾಣಿ ಥಿಯೊಡೋರಾ, ಇಬ್ಬರೂ ಪರಿವಾರ ಸಮೇತ ಎದುರುಬದುರಾಗಿ ನಿಂತಿದ್ದಾರೆ. ಇಬ್ಬರೂ ರವೆನ್ನಾಕ್ಕೆ ಕಾಲಿಟ್ಟವರಲ್ಲ. ರಾಜಮುದ್ರೆ ಕಳಿಸಿದಂತೆ ಅವರ ಮುಖಗಳನ್ನಷ್ಟೇ ಗೆದ್ದ ಊರಿಗೆ ಕಳಿಸಲಾಗಿದೆ. ಥಿಯೊಡೋರಾ ಕರಡಿ ಸಾಕುವವನ ಮಗಳು, ನಾಟಕದ ಹೆಣ್ಣು. ಇಲ್ಲಿ ಮುತ್ತಿನ ಸರಗಳು ಅವಳ ಭುಜದವರೆಗೂ ಇಳಿಬಿದ್ದಿವೆ, ಅವಳ ದೃಷ್ಟಿ ನೇರವಾಗಿ ನೋಡುವವರ ಮೇಲಿದೆ. ಪ್ರತಿಷ್ಠೆಯಾದ ಮರುವರ್ಷವೇ ಅವಳು ತೀರಿಕೊಂಡಳು.

ಹೊನ್ನಿನ ಚೂರುಗಳ ಗುಟ್ಟು ಇಷ್ಟು: ಎರಡು ಗಾಜಿನ ಪದರಗಳ ನಡುವೆ ತೆಳ್ಳನೆಯ ಚಿನ್ನದ ರೇಕು. ಚೂರುಗಳನ್ನು ಒಂದೇ ಮಟ್ಟದಲ್ಲಿ ಕೂರಿಸದೆ ಬೇರೆ ಬೇರೆ ಓರೆಯಲ್ಲಿ ಗಾರೆಗೆ ಒತ್ತುತ್ತಿದ್ದರು. ನಾವು ನಡೆದರೆ ಹೊಳಪೂ ನಡೆಯುತ್ತದೆ. ಪುಸ್ತಕದ ಚಿತ್ರದಲ್ಲಿ ಇದು ಸಿಗುವುದೇ ಇಲ್ಲ, ಆದ್ದರಿಂದಲೇ ಇಲ್ಲಿಗೆ ಬರಬೇಕು ಎನ್ನುತ್ತೇನೆ. ಚರ್ಚಿಗೆ ಹಣ ಕೊಟ್ಟವನು ಜೂಲಿಯಾನುಸ್ ಎಂಬ ಲೇವಾದೇವಿಗಾರ. 26,000 ಚಿನ್ನದ ನಾಣ್ಯ ಖರ್ಚಾಯಿತೆಂದು ಒಂಬತ್ತನೆಯ ಶತಮಾನದ ಇತಿಹಾಸಕಾರ ಆಗ್ನೆಲ್ಲುಸ್ ಬರೆದಿಟ್ಟಿದ್ದಾನೆ. ನಮ್ಮ ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನ ನಿಧಿಯಲ್ಲಿ ಸಿಕ್ಕಿದ್ದೂ ಬೈಜಾಂಟೈನ್ ಚಿನ್ನದ ನಾಣ್ಯಗಳೇ. ಆ ನಾಣ್ಯದ ದಾರಿ ಎಷ್ಟು ದೂರದ್ದೆಂದು ಸಾನ್ ವಿತಾಲೆಯಲ್ಲಿ ನಿಂತು ಯೋಚಿಸಿದೆ.

ಆದರೆ ಇಡೀ ದಿನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಾಂತ್ ಅಪೊಲ್ಲಿನಾರೆ ನುವೊವೊ. ಥಿಯೊಡೊರಿಕ್ ತನ್ನ ಅರಮನೆಯ ಚರ್ಚಾಗಿ ಕಟ್ಟಿಸಿದ್ದು ಇದು. ಅವನು ಆರಿಯನ್ ಪಂಥದವನು; ಕ್ರಿಸ್ತ ತಂದೆಗೆ ಸಮಾನನಲ್ಲ ಎಂದು ನಂಬಿದವರ ಪಂಥ. ಬಲಗೋಡೆಯಲ್ಲಿ ಅವನ ಅರಮನೆಯ ಚಿತ್ರವಿದೆ. ಕಮಾನುಗಳ ಕೆಳಗೆ ಅವನೂ ಅವನ ಆಸ್ಥಾನಿಕರೂ ನಿಂತಿದ್ದಿರಬೇಕು. ಬೈಜಾಂಟೈನರು ಬಂದ ಮೇಲೆ ಚರ್ಚು ಕ್ಯಾಥೊಲಿಕರ ಕೈಗೆ ಹೋಯಿತು. ಹಳೆಯವರನ್ನು ಗೋಡೆಯಿಂದ ಕಿತ್ತು, ಅವರು ನಿಂತಿದ್ದ ಜಾಗಕ್ಕೆ ಬಿಳಿ ಪರದೆಗಳನ್ನು ಕೂರಿಸಿದರು. ಮೊದಲ ನೋಟಕ್ಕೆ ಖಾಲಿ ಅರಮನೆ, ಗಂಟು ಹಾಕಿದ ಪರದೆಗಳು, ಅಷ್ಟೇ. ಹತ್ತಿರ ಹೋಗಿ ಕಂಬಗಳನ್ನು ಒಂದೊಂದಾಗಿ ನೋಡಿ. ಬಿಳಿ ಕಂಬದ ಮೇಲೆ ಒಂದು ಬೆರಳು, ಇನ್ನೊಂದರ ಮೇಲೆ ಮುಂಗೈ. ಚಾಚಿದ ಕೈ ಕಂಬವನ್ನು ದಾಟಿ ಬಂದಿದ್ದರಿಂದ, ಅದನ್ನೂ ಕಿತ್ತರೆ ಕಂಬ ಹಾಳಾಗುತ್ತಿತ್ತು, ಹಾಗೆ ಉಳಿದುಕೊಂಡಿತು. ದೇಹ ಪರದೆಯೊಳಗೆ ಕರಗಿದೆ, ಕೈ ಮಾತ್ರ ಇದೆ. ಸೋತವರ ಹೆಸರು ಅಳಿಸಿದ ಶಾಸನಗಳನ್ನು ನೋಡಿದ್ದೇನೆ, ಆದರೆ ಯಾವುದೂ ನನ್ನನ್ನು ಇಷ್ಟು ಕಲಕಿರಲಿಲ್ಲ. ಬಂದವರಲ್ಲಿ ಹೆಚ್ಚಿನವರು ಸಂತರ ಉದ್ದನೆಯ ಮೆರವಣಿಗೆಯನ್ನು ನೋಡಿ ಹೊರಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಮೆರವಣಿಗೆಯ ಬಹುಭಾಗವೂ ಕಿತ್ತ ಮೇಲೆ ಕೂರಿಸಿದ್ದೇ.

ಎರಡು ಸ್ನಾನದೀಕ್ಷಾ ಗೃಹಗಳಿವೆ, ಒಂದು ಕ್ಯಾಥೊಲಿಕರದು, ಇನ್ನೊಂದು ಆರಿಯನ್ನರದು. ಸಮಯ ಕಡಿಮೆಯಿದ್ದರೆ ಕ್ಯಾಥೊಲಿಕರದನ್ನು, ಅಂದರೆ ಬಿಷಪ್ ನಿಯೋನನ ಹೆಸರಿನದನ್ನು ನೋಡಿದರೆ ಸಾಕು. ಅದೂ ಸಾನ್ ವಿತಾಲೆ, ಗಾಲ್ಲಾ ಪ್ಲಾಸಿಡಿಯಾ, ಅಪೊಲ್ಲಿನಾರೆ ನುವೊವೊ ಸೇರಿರುವ ಒಂದೇ ಟಿಕೆಟ್ಟಿನಲ್ಲಿ ಬರುತ್ತದೆ. ಊಟದ ಹೊತ್ತಿಗೆ ಪಿಯಾದಿನಾ, ಇಲ್ಲಿನವರ ದಪ್ಪ ರೊಟ್ಟಿ, ಸ್ಕ್ವಾಕ್ವೆರೋನೆ ಎಂಬ ಮೆದು ಚೀಸ್‌ನೊಂದಿಗೆ. ರೊಟ್ಟಿಯ ಹಿಟ್ಟಿಗೆ ಹಂದಿಕೊಬ್ಬು ಸೇರಿಸುವ ರೂಢಿಯಿದೆ, ಸಸ್ಯಾಹಾರಿಗಳು ಕೇಳಿಯೇ ತಿನ್ನಿ.

ಮಧ್ಯಾಹ್ನ ಡಾಂಟೆಯ ಗೋರಿ. ಫ್ಲಾರೆನ್ಸ್ ಗಡೀಪಾರು ಮಾಡಿದ ಕವಿ 1321ರಲ್ಲಿ ಇಲ್ಲೇ ಸತ್ತ. ಆಮೇಲೆ ಫ್ಲಾರೆನ್ಸ್ ಅಸ್ಥಿ ಕೇಳಿತು. 1519ರಲ್ಲಿ ಪೋಪ್ ಹತ್ತನೆಯ ಲಿಯೋ ಒಪ್ಪಿಗೆಯನ್ನೂ ಕೊಟ್ಟ. ಬಂದವರು ಗೋರಿ ತೆರೆದಾಗ ಒಳಗೆ ಏನೂ ಇರಲಿಲ್ಲ. ಫ್ರಾನ್ಸಿಸ್ಕನ್ ಸನ್ಯಾಸಿಗಳು ಅಸ್ಥಿಯನ್ನು ಸಾಗಿಸಿ ಬಚ್ಚಿಟ್ಟಿದ್ದರು. ಅದು ಮತ್ತೆ ಸಿಕ್ಕಿದ್ದು 1865ರಲ್ಲಿ, ಗೋಡೆಯ ಕೆಲಸ ಮಾಡುವಾಗ. ಫ್ಲಾರೆನ್ಸಿನ ಸಾಂತಾ ಕ್ರೋಚೆಯಲ್ಲಿ ಇಂದಿಗೂ ಇರುವುದು ಖಾಲಿ ಸ್ಮಾರಕ. ಗೋರಿಯ ದೀಪಕ್ಕೆ ಎಣ್ಣೆ ಕೊಡುವ ಕೆಲಸವನ್ನು ಆ ಊರು ಪ್ರತಿವರ್ಷ ಮಾಡುತ್ತದೆ. ಪಕ್ಕದ ಸಾನ್ ಫ್ರಾನ್ಚೆಸ್ಕೊ ಚರ್ಚಿನ ನೆಲಮಾಳಿಗೆಯಲ್ಲಿ ಅಂತರ್ಜಲ ತುಂಬಿ ಮೊಸಾಯಿಕ್ ನೆಲದ ಮೇಲೆ ಹೊಂಬಣ್ಣದ ಮೀನುಗಳು ಈಜುತ್ತಿವೆ. ಮಕ್ಕಳಿದ್ದರೆ ಖಂಡಿತ ಕರೆದುಕೊಂಡು ಹೋಗಿ.

ಥಿಯೊಡೊರಿಕ್‌ನ ಸಮಾಧಿ ಊರ ಹೊರಗಿದೆ. ಅದರ ಗುಮ್ಮಟ ಕಡಲಿನಾಚೆಯ ಇಸ್ಟ್ರಿಯಾದಿಂದ ತಂದ ಒಂದೇ ಬಂಡೆ, ಹತ್ತು ಮೀಟರಿನಷ್ಟು ಅಗಲ, 200 ಟನ್‌ಗೂ ಹೆಚ್ಚು ತೂಕ, ಮೇಲೊಂದು ಬಿರುಕು. ಚರ್ಚಿನ ಗೋಡೆಯಿಂದ ಅವನನ್ನು ಅಳಿಸಿದವರಿಗೆ ಈ ಕಲ್ಲನ್ನು ಇಳಿಸಲಾಗಲಿಲ್ಲ. ಸಂಜೆ ಅದರ ಸುತ್ತ ಒಂದು ಸುತ್ತು ಬಂದು ಕೋಣೆಗೆ ಮರಳಿದೆ. ಕ್ಲಾಸ್ಸೆಯ ಸಾಂತ್ ಅಪೊಲ್ಲಿನಾರೆ ಚರ್ಚು ಎಂಟು ಕಿಲೋಮೀಟರ್ ದೂರ, ಹಸಿರು ಬಯಲಿನ ಮೊಸಾಯಿಕ್ ಇರುವುದು ಅಲ್ಲಿ. ಅದನ್ನು ಅವಸರದಲ್ಲಿ ನೋಡಲು ಮನಸ್ಸಿಲ್ಲ. ನಾಳೆ ಬೆಳಗಿನ ಹೊತ್ತನ್ನೆಲ್ಲ ಅದಕ್ಕೆ ಇಟ್ಟಿದ್ದೇನೆ.