ತಡವಾದರೂ ಬನ್ನಿ

ಜುಲೈ 15, 2021, ಗುರುವಾರ
ಉಡುಪಿ

ಬೆಳಿಗ್ಗೆಯಿಂದ ಬಿಡದ ಮಳೆ. ಎಂಟು ಗಂಟೆಗೇ ಆರೋಗ್ಯ ಕೇಂದ್ರದ ಗೇಟಿನ ಹೊರಗೆ ಕೊಡೆಗಳ ಸಾಲು. ಎಲ್ಲರೂ ಕೋವಿಡ್ ಲಸಿಕೆಯ ಟೋಕನ್ ಕೇಳುವವರು. ಅವರ ಮಧ್ಯೆ ದಾರಿ ಮಾಡಿಕೊಂಡು ಒಳಗೆ ಹೋಗಿ ಮಕ್ಕಳ ಲಸಿಕೆ ಒಯ್ಯುವ ತಂಪು ಪೆಟ್ಟಿಗೆ, ಅಂದರೆ ಕ್ಯಾರಿಯರ್ ತುಂಬಿಸಿದೆ. ಐಸ್ ಪ್ಯಾಕನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ನೀರು ಕುಲುಕುವ ಸದ್ದು ಬಂದರೆ ಮಾತ್ರ ಇಡುವುದು. ಪೂರ್ತಿ ಗಟ್ಟಿ ಇದ್ದರೆ ಪೆಂಟಾ, ಅಂದರೆ ಐದು ರೋಗಗಳಿಗೆ ಒಟ್ಟಿಗೆ ಹಾಕುವ ಲಸಿಕೆ, ಹೆಪ್ಪುಗಟ್ಟಿ ಕೆಡುತ್ತದೆ. ಬಿಸಿಗೆ ಮಾತ್ರ ಅಲ್ಲ, ತಂಪು ಜಾಸ್ತಿಯಾದರೂ ಲಸಿಕೆ ಹಾಳು. ಹೊಸದಾಗಿ ಬಂದ ಆಶಾ ಕಾರ್ಯಕರ್ತೆಯ ಕಿವಿಗೂ ಹಿಡಿದು ಕೇಳಿಸಿದೆ.

ಗುರುವಾರ ನಮಗೆ ಲಸಿಕೆ ದಿನ. ಕಳೆದ ವರ್ಷ ಮಾರ್ಚ್ 25ಕ್ಕೆ ಲಾಕ್‌ಡೌನ್ ಆದ ಮೇಲೆ ಕೆಲವು ಗುರುವಾರ ಖಾಲಿ ಹೋದವು. ಮತ್ತೆ ಶುರು ಮಾಡಿದಾಗ ತಾಯಂದಿರಿಗೆ ಬರಲಿಕ್ಕೆ ಹೆದರಿಕೆ.

ಇವತ್ತು ಬಂದ ಒಂದು ಮಗುವಿನ ಕಾರ್ಡು ಮರಾಠಿಯಲ್ಲಿತ್ತು. ಹುಟ್ಟಿದ್ದು ಮುಂಬೈಯಲ್ಲಿ, 2020ರ ಜನವರಿಯಲ್ಲಿ. ಒಂದೂವರೆ ತಿಂಗಳಿನ ಪೆಂಟಾ ಆಗಿದೆ. ಎರಡನೆಯದಕ್ಕೆ ಹೋಗಬೇಕು ಅನ್ನುವಷ್ಟರಲ್ಲಿ ಎಲ್ಲ ಬಂದ್. ಮೇ ತಿಂಗಳಲ್ಲಿ ಊರಿಗೆ ಬಂದರು, ಶಾಲೆಯಲ್ಲಿ ಕ್ವಾರಂಟೈನ್ ಆಯಿತು. ಆಮೇಲೆ ಕಾರ್ಡು ಕಪಾಟಿನಲ್ಲೇ ಉಳಿಯಿತು. ಮಳೆಗೆ ಒದ್ದೆಯಾಗದಂತೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಮಡಚಿ ತಂದಿದ್ದರು.

"ಮೊದಲೇ ಯಾಕೆ ಬರಲಿಲ್ಲ?" ಅಂತ ಕೇಳಿದೆ.

"ಇಷ್ಟು ತಡ ಆಯ್ತಲ್ಲ ಸಿಸ್ಟರ್, ಬೈತೀರಿ ಅಂತ ಹೆದರಿಕೆ. ಎಲ್ಲ ಮೊದಲಿಂದ ಹಾಕ್ಬೇಕಾ?"

ನನಗೆ ಹೊಟ್ಟೆ ಚುರುಕ್ ಅಂತು. ಕೊರೋನಾ ಹೆದರಿಕೆ ಹೋದ ಮೇಲೂ ನಮ್ಮ ಬೈಗುಳದ ಹೆದರಿಕೆ ಎಷ್ಟೊಂದು ಮಕ್ಕಳನ್ನು ಮನೆಯಲ್ಲೇ ಕೂರಿಸಿದೆಯೋ! "ಇಲ್ಲಮ್ಮಾ, ಎಲ್ಲಿ ನಿಂತಿದೆಯೋ ಅಲ್ಲಿಂದ ಮುಂದುವರಿಸುವುದು. ಹಾಕಿದ್ದು ಯಾವುದೂ ದಂಡ ಆಗಲಿಲ್ಲ" ಅಂದೆ. ಎಡ ತೊಡೆಗೆ ಪೆಂಟಾ, ಬಲ ತೋಳಿಗೆ ದಡಾರ-ರುಬೆಲ್ಲಾ, ಬಾಯಿಗೆ ಪೋಲಿಯೋ ಹನಿ. ಎರಡನೇ ಸೂಜಿಗೆ ಮಗು ಬೊಬ್ಬೆ ಹೊಡೆದ ಹೊಡೆತಕ್ಕೆ ಹೊರಗಿದ್ದ ಅಜ್ಜಿ ಓಡಿ ಬಂದರು.

ದಡಾರದ ಲಸಿಕೆಯ ಪುಡಿಯನ್ನು ದ್ರವದಲ್ಲಿ ಕಲಸಿದ ಮೇಲೆ 4 ಗಂಟೆ ಮಾತ್ರ ಬಳಸಬಹುದು. ಮಳೆಗೆ ಇನ್ನು ಯಾರೂ ಬರದಿದ್ದರೆ ಉಳಿದದ್ದು ಚೆಲ್ಲಬೇಕಾಗುತ್ತದೆ ಅಂತ ಆಶಾಗೆ ಚಿಂತೆ. ಚೆಲ್ಲಿದರೆ ಚೆಲ್ಲಲಿ, ಒಂದೇ ಮಗು ಬಂದರೂ ಬಾಟಲಿ ತೆಗೆಯಲೇಬೇಕು. ದಡಾರ ಕೊರೋನಾಗಿಂತ ಬೇಗ ಹರಡುತ್ತದೆ. ರಕ್ಷಣೆ ಇಲ್ಲದ ಕಡೆ ಒಬ್ಬರಿಂದ 12ರಿಂದ 18 ಜನರಿಗೆ. ಇಷ್ಟು ದಿನ ಮಕ್ಕಳು ಮನೆಯೊಳಗೇ ಇದ್ದರು. ಅಂಗನವಾಡಿ, ಶಾಲೆ ತೆರೆದರೆ?

ಸಂಜೆ ಸುದ್ದಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಲೆಕ್ಕ ಬಂತು. 2020ರಲ್ಲಿ ಜಗತ್ತಿನ 2.3 ಕೋಟಿ ಮಕ್ಕಳಿಗೆ ಮಾಮೂಲಿ ಲಸಿಕೆ ತಪ್ಪಿದೆ. ನಮ್ಮ ದೇಶದಲ್ಲಿ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವುದು; ಪೆಂಟಾದಲ್ಲೂ ಇದೆ) ಇರುವ ಲಸಿಕೆಯ ಮೊದಲ ಡೋಸೇ ಸಿಗದ ಮಕ್ಕಳು 30 ಲಕ್ಷ. ಅದರ ಹಿಂದಿನ ವರ್ಷ 14 ಲಕ್ಷ ಇತ್ತಂತೆ. ಕೇಳಿದ ಮೇಲೆ ಊಟ ಸೇರಲಿಲ್ಲ. ಎದ್ದು ನಮ್ಮ ರಿಜಿಸ್ಟರ್ ತೆಗೆದು ಖಾಲಿ ಕಾಲಂಗಳ ಮೇಲೆ ಬೆರಳಿಟ್ಟು ಎಣಿಸಿದೆ. ಹನ್ನೊಂದು. ಎಲ್ಲರ ಮನೆಯೂ ನನಗೆ ಗೊತ್ತು.

ಈಗಷ್ಟೇ ಆ ತಾಯಿಯ ಫೋನ್ ಬಂತು. ಮಗುವಿಗೆ ಸ್ವಲ್ಪ ಮೈ ಬಿಸಿ, ಪ್ಯಾರಾಸಿಟಮಾಲ್ ಕೊಟ್ಟ ಮೇಲೆ ಮಲಗಿದೆ. "ಆಗಸ್ಟ್ 12ಕ್ಕೆ ಬರಬೇಕಲ್ವಾ ಸಿಸ್ಟರ್?" ಅಂತ ಅವರೇ ಕೇಳಿದರು.