ಡೇಟ್ ಕಾಲಮ್ಮಿಗೆ ಟೈಮ್‌ಸ್ಟ್ಯಾಂಪ್ ಕಳುಹಿಸಿದಾಗ ಇಂಡೆಕ್ಸ್ ಏಕೆ ಕೈಕೊಡುತ್ತದೆ

ಒರಾಕಲ್ ಡೇಟಾಬೇಸ್ ಮೇಲೆ ಜಾವಾ ಅಪ್ಲಿಕೇಶನ್ ನಡೆಸುವವರಿಗೆ ಈ ದೂರು ಹೊಸದಲ್ಲ: ಅಪ್ಲಿಕೇಶನ್ನಿನಿಂದ ಹೋದರೆ ನಿಮಿಷಗಟ್ಟಲೆ ಕಾಯಿಸುವ ಕ್ವೆರಿ, ಅದನ್ನೇ ನಕಲು ಮಾಡಿ ಎಸ್‌ಕ್ಯೂಎಲ್ ಡೆವಲಪರ್ ಎಂಬ ಕ್ವೆರಿ ಬರೆಯುವ ಸಾಧನದಲ್ಲಿ ಓಡಿಸಿದರೆ ಕ್ಷಣಮಾತ್ರದಲ್ಲಿ ಮುಗಿಯುತ್ತದೆ. ಆಗ ನೆಟ್‌ವರ್ಕ್, ಕನೆಕ್ಷನ್ ಪೂಲ್, ಸರ್ವರ್ ಮೆಮೊರಿ ಎಲ್ಲದರ ಮೇಲೂ ಅನುಮಾನ ಬರುತ್ತದೆ. ಕ್ವೆರಿಗೆ ಬೈಂಡ್ ಮಾಡಿದ, ಅಂದರೆ ಅದರಲ್ಲಿ ಖಾಲಿ ಬಿಟ್ಟ ಜಾಗಕ್ಕೆ ಓಡಿಸುವಾಗ ತುಂಬಿದ, ದಿನಾಂಕ ಯಾವ ಟೈಪಿನದು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾನು ಈಗ ಮೊದಲು ಕೇಳುವುದೇ ಆ ಪ್ರಶ್ನೆಯನ್ನು.

ಬಿಲ್ಲುಗಳ ದೊಡ್ಡ ಟೇಬಲ್ ಒಂದಿದೆ, ಅದರ ಬಿಲ್ ದಿನಾಂಕದ ಕಾಲಮ್ ಡೇಟ್ ಟೈಪಿನದು, ಅದರ ಮೇಲೆ ಇಂಡೆಕ್ಸ್ (ಬೇಕಾದ ಸಾಲುಗಳನ್ನು ಬೇಗ ಹುಡುಕಿಕೊಡುವ ಸೂಚಿ) ಕೂಡ ಇದೆ ಎಂದಿಟ್ಟುಕೊಳ್ಳಿ. ಒರಾಕಲ್‌ನ ಡೇಟ್ 7 ಬೈಟ್‌ಗಳಲ್ಲಿ ವರ್ಷದಿಂದ ಸೆಕೆಂಡಿನವರೆಗೆ ಎಲ್ಲವನ್ನೂ ಹಿಡಿದಿಡುತ್ತದೆ. ಆದರೆ ಬೈಂಡ್ ಮೌಲ್ಯ ತುಂಬುವ ಜಾವಾದ ಸೆಟ್‌ಡೇಟ್ ಮೆಥಡ್ ಸಮಯದ ಭಾಗವನ್ನು ಬಿಟ್ಟುಬಿಡುವುದರಿಂದ, ಸಮಯವೂ ಬೇಕೆನ್ನುವವರು ಸಹಜವಾಗಿಯೇ ಸೆಟ್‌ಟೈಮ್‌ಸ್ಟ್ಯಾಂಪ್ ಬಳಸುತ್ತಾರೆ, ಮತ್ತು ಡ್ರೈವರ್ ಆ ಮೌಲ್ಯವನ್ನು ಟೈಮ್‌ಸ್ಟ್ಯಾಂಪ್ (ಸೆಕೆಂಡಿನ ಭಿನ್ನಾಂಶವನ್ನೂ ಹಿಡಿಯುವ ಟೈಪ್) ಎಂದೇ ಕಳುಹಿಸುತ್ತದೆ. ಈಗ ಹೋಲಿಕೆಯ ಎರಡು ಬದಿಗಳ ಟೈಪ್ ಬೇರೆಬೇರೆ. ಟೈಮ್‌ಸ್ಟ್ಯಾಂಪನ್ನು ಡೇಟ್‌ಗೆ ಇಳಿಸಿದರೆ ಸೆಕೆಂಡಿನ ಭಿನ್ನಾಂಶ ಕಳೆದುಹೋಗಿ ಉತ್ತರವೇ ತಪ್ಪಬಹುದಾದ್ದರಿಂದ, ಒರಾಕಲ್ ಡೇಟ್ ಕಾಲಮನ್ನೇ ಟೈಮ್‌ಸ್ಟ್ಯಾಂಪ್‌ಗೆ ಏರಿಸುತ್ತದೆ. ಅದರ ಮಟ್ಟಿಗೆ ಇದು ಸರಿಯಾದ ನಿರ್ಧಾರವೇ. ಆದರೆ ಇಂಡೆಕ್ಸಿನಲ್ಲಿರುವುದು ಮೂಲ ಮೌಲ್ಯ, ಹೋಲಿಸುತ್ತಿರುವುದು ಪರಿವರ್ತಿತ ಮೌಲ್ಯ. ಹಾಗಾಗಿ ಇಂಡೆಕ್ಸಿನ ಬೇಕಾದ ತುಣುಕನ್ನಷ್ಟೇ ಓದುವ ರೇಂಜ್ ಸ್ಕ್ಯಾನ್ ಸಾಧ್ಯವಾಗದೆ ಇಡೀ ಟೇಬಲ್ ಓದಬೇಕಾಗುತ್ತದೆ. ಟೇಬಲ್ಲನ್ನು ತಿಂಗಳಿಗೊಂದರಂತೆ ಪಾರ್ಟಿಷನ್ ಮಾಡಿ ಭಾಗಗಳಾಗಿ ಒಡೆದಿದ್ದರೂ ಅದೇ ಕಥೆ: ಒಂದು ವಾರದ ಬಿಲ್ಲಿಗಾಗಿ ಎಲ್ಲ ತಿಂಗಳುಗಳನ್ನೂ ತಡಕುತ್ತದೆ.

ಪತ್ತೆ ಹಚ್ಚುವಾಗ ದಾರಿ ತಪ್ಪಿಸುವುದು, ಕ್ವೆರಿ ಹೇಗೆ ಓಡಬಹುದೆಂದು ಮೊದಲೇ ಅಂದಾಜಿಸಿ ತೋರಿಸುವ ಎಕ್ಸ್‌ಪ್ಲೇನ್ ಪ್ಲಾನ್. ಅದು ಬೈಂಡ್ ವೇರಿಯಬಲ್‌ಗಳ ನಿಜವಾದ ಟೈಪನ್ನು ನೋಡದೆ ಎಲ್ಲವನ್ನೂ ವಾರ್‌ಕ್ಯಾರ್2, ಅಂದರೆ ಪಠ್ಯ, ಎಂದು ಭಾವಿಸುವುದರಿಂದ, ಇಂಡೆಕ್ಸ್ ಬಳಸುವ ಚೆಂದದ ಪ್ಲಾನ್ ತೋರಿಸಿ ನಮ್ಮನ್ನು ಸಮಾಧಾನಪಡಿಸುತ್ತದೆ. ನಿಜವಾಗಿ ಓಡಿದ ಪ್ಲಾನ್ ಬೇಕಾದರೆ ಕ್ವೆರಿಯ ಎಸ್‌ಕ್ಯೂಎಲ್ ಐಡಿ ಹಿಡಿದು ಡಿಬಿಎಂಎಸ್_ಎಕ್ಸ್‌ಪ್ಲಾನ್‌ನ ಡಿಸ್‌ಪ್ಲೇ_ಕರ್ಸರ್ ಮೂಲಕ ತೆಗೆಯಬೇಕು, ಮತ್ತು ಪ್ಲಾನಿನ ಕೆಳಗೆ ಬರುವ, ಹೆಚ್ಚಿನವರು ಓದದೆ ಬಿಡುವ ಪ್ರೆಡಿಕೇಟ್ (ಶರತ್ತುಗಳ) ಭಾಗವನ್ನು ಓದಬೇಕು. ಅಲ್ಲಿ ಆಕ್ಸೆಸ್ (ಶರತ್ತಿನಿಂದಲೇ ಸಾಲು ಹುಡುಕುವುದು) ಎಂದಿರಬೇಕಾದಲ್ಲಿ ಫಿಲ್ಟರ್ (ಓದಿದ ಮೇಲೆ ಸೋಸುವುದು) ಎಂದಿದ್ದು, ಕಾಲಮ್ಮಿನ ಹೆಸರಿಗೆ ಇಂಟರ್ನಲ್_ಫಂಕ್ಷನ್ ಎಂಬ ಹೊದಿಕೆ ಬಿದ್ದಿದ್ದರೆ ಕಳ್ಳ ಬಹುತೇಕ ಸಿಕ್ಕಂತೆ. ಬಹುತೇಕ ಎನ್ನಲು ಕಾರಣ, ಹಲವು ಮೌಲ್ಯಗಳ ಇನ್ ಪಟ್ಟಿಯಿದ್ದಾಗಲೂ ಅದೇ ಹೆಸರು ಕಾಣಿಸಿಕೊಳ್ಳುವುದುಂಟು. ಅನುಮಾನ ಉಳಿದರೆ ವಿ$ಎಸ್‌ಕ್ಯೂಎಲ್_ಬೈಂಡ್_ಕ್ಯಾಪ್ಚರ್ ಎಂಬ ವ್ಯೂನಲ್ಲಿ ಅದೇ ಐಡಿ ಹುಡುಕಿ, ಬೈಂಡ್‌ನ ಟೈಪ್ ಹೇಳುವ ಡೇಟಾಟೈಪ್_ಸ್ಟ್ರಿಂಗ್ ಕಾಲಮ್ ನೋಡಿದರೆ ಸಾಕು.

ನಷ್ಟ ಇಂಡೆಕ್ಸಿಗಷ್ಟೇ ಸೀಮಿತವಲ್ಲ. ಫಂಕ್ಷನ್ ಸುತ್ತಿದ ಕಾಲಮ್ಮಿನ ಮೇಲೆ ಹೆಚ್ಚು-ಕಡಿಮೆ ಎಂಬ ಶರತ್ತು ಬಂದರೆ, ಕ್ವೆರಿಯ ಪ್ಲಾನ್ ಆರಿಸುವ ಆಪ್ಟಿಮೈಜರ್ ಅಂಕಿಅಂಶ ಬಿಟ್ಟು ಶೇ. 5 ಎಂಬ ಸಿದ್ಧ ಅಂದಾಜಿಗೆ ಮೊರೆಹೋಗುತ್ತದೆ, ಅದರಿಂದ ಟೇಬಲ್‌ಗಳನ್ನು ಜೋಡಿಸುವ ಜಾಯಿನ್‌ಗಳ ಕ್ರಮವೂ ಕೆಡಬಹುದು.

ಪರಿಹಾರ ಸಣ್ಣದು: ಕ್ವೆರಿಯಲ್ಲಿ ಬೈಂಡ್ ವೇರಿಯಬಲ್ ಇರುವಲ್ಲಿ ಅದನ್ನು ಡೇಟ್‌ಗೆ ಕಾಸ್ಟ್ ಮಾಡಿ (ಟೈಪ್ ಬದಲಿಸಿ). ಪರಿವರ್ತನೆಯ ಭಾರ ಕಾಲಮ್ಮಿನಿಂದ ಬೈಂಡ್ ಮೌಲ್ಯಕ್ಕೆ ಸರಿಯುತ್ತದೆ, ಜಾವಾ ಕೋಡ್ ಮುಟ್ಟಬೇಕಿಲ್ಲ. ಸೆಕೆಂಡಿನ ಭಿನ್ನಾಂಶ ಕೈಬಿಡುತ್ತಿದ್ದೇವೆಂಬ ಎಚ್ಚರವಿರಲಿ. ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಎಣಿಸುವ ವರದಿಗಳಿಗೆ ಅದರಿಂದ ತೊಂದರೆಯಿಲ್ಲ. ಕಾಲಮನ್ನೇ ಟೈಮ್‌ಸ್ಟ್ಯಾಂಪ್ ಮಾಡೋಣ ಎಂಬ ಸಲಹೆ ಸಭೆಗಳಲ್ಲಿ ಬರುತ್ತದೆ. ಓಡುತ್ತಿರುವ ದೊಡ್ಡ ಟೇಬಲ್ಲಿನ ವಿಷಯದಲ್ಲಿ ನಾನು ಅದಕ್ಕೆ ಒಪ್ಪುವುದಿಲ್ಲ. ಹಾಗೆ ಬದಲಿಸಿದ ಮೇಲೂ ಟೈಮ್ ಝೋನ್ ಇರುವ ಮೌಲ್ಯವೊಂದು ಬಂದರೆ ಆ ಕಾಲಮ್ಮಿಗೂ ಪರಿವರ್ತನೆ ತಪ್ಪದು.

ಕೈಯಾರೆ ಬರೆದ ಎಸ್‌ಕ್ಯೂಎಲ್ ಕೂಡ ಇದರಿಂದ ಹೊರತಲ್ಲ. ಡೇಟ್ ಕಾಲಮ್ಮಿನ ಎದುರು, ಈಗಿನ ಸಮಯವನ್ನು ಡೇಟ್ ಆಗಿ ಕೊಡುವ ಸಿಸ್‌ಡೇಟ್ ಬದಲು, ಅದನ್ನೇ ಟೈಮ್‌ಸ್ಟ್ಯಾಂಪ್ ಆಗಿ ಕೊಡುವ ಸಿಸ್‌ಟೈಮ್‌ಸ್ಟ್ಯಾಂಪ್ ಬರೆದರೆ ಇದೇ ಗೋಳು. ಸಿಸ್‌ಟೈಮ್‌ಸ್ಟ್ಯಾಂಪ್‌ನಿಂದ 1 ಎಂಬ ಸಂಖ್ಯೆ ಕಳೆದರೆ ಮಾತ್ರ ಫಲಿತಾಂಶ ಡೇಟ್ ಆಗಿಬಿಡುವುದರಿಂದ ಇಂಡೆಕ್ಸ್ ಉಳಿಯುತ್ತದೆ. ಅದೇ ಒಂದು ದಿನವನ್ನು ಇಂಟರ್ವಲ್ (ಕಾಲಾವಧಿಯ ಟೈಪ್) ರೂಪದಲ್ಲಿ ಕಳೆದರೆ ಅದು ಟೈಮ್‌ಸ್ಟ್ಯಾಂಪ್ ಆಗಿಯೇ ಉಳಿದು, ಕ್ವೆರಿ ಮತ್ತೆ ಇಡೀ ಟೇಬಲ್ ಓದಲು ಹೊರಡುತ್ತದೆ.